ಮೇಕನ್‌ನಲ್ಲಿ ಒಂದು ಮೇಳದ ಜಗಳ

ಅಟ್ಲಾಂಟಾದಿಂದ ಮೇಕನ್‌ಗೆ ಕಾರಲ್ಲಿ ಒಂದೂವರೆ ಗಂಟೆ ದಾರಿ. ಅಷ್ಟೂ ಹೊತ್ತು ಭಾವ ಎಡಗೈಯ ಉಂಗುರದ ಬೆರಳಿಗೆ ಪುಟ್ಟ ಗಾಜಿನ ಬಾಟಲಿಯೊಂದನ್ನು ಸಿಕ್ಕಿಸಿಕೊಂಡೇ ಕಾರು ಓಡಿಸಿದರು. ಕೊರಿಸಿಡಿನ್ ಅನ್ನುವ ಶೀತದ ಮಾತ್ರೆಯ ಹಳೇ ಬಾಟಲಿಯ ನಕಲು ಅದು. ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಗಿಟಾರ್ ವಾದಕ ಡ್ವೇನ್ ಆಲ್‌ಮನ್ ಅಂಥದ್ದೇ ಬಾಟಲಿಯನ್ನು ಗಿಟಾರ್ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ. ಭಾವನಿಗೆ ಗಿಟಾರ್ ಬರುವುದಿಲ್ಲ. ಸ್ಟೀರಿಂಗ್ ಮೇಲೆ ಟಕ್ ಟಕ್ ಅನ್ನಿಸುವುದು ಮಾತ್ರ ಬರುತ್ತದೆ.

2024ರ ಅಕ್ಟೋಬರ್ ಕೊನೆ. ಆ ವರ್ಷದ ಏಪ್ರಿಲ್‌ನಲ್ಲಿ ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ತೀರಿಕೊಂಡಿದ್ದ. 1969ರಲ್ಲಿ ಆಲ್‌ಮನ್ ಬ್ರದರ್ಸ್ ಬ್ಯಾಂಡ್ ಕಟ್ಟಿದ ಆರು ಜನರಲ್ಲಿ ಇನ್ನು ಉಳಿದವನು ಡ್ರಮ್ಮರ್ ಜೈಮೋ ಒಬ್ಬನೇ. "ಈಗಲಾದ್ರೂ ಹೋಗಿ ಬರೋಣ ಮಾರಾಯ" ಅಂದಿದ್ದರು ಭಾವ.

ಮೊದಲು ವೈನ್‌ವಿಲ್ ಅವೆನ್ಯೂನ 'ಬಿಗ್ ಹೌಸ್'. 1970ರಿಂದ 73ರವರೆಗೆ ಬ್ಯಾಂಡಿನವರು ಹೆಂಡತಿ ಮಕ್ಕಳ ಸಮೇತ ಇದ್ದ ಬಾಡಿಗೆ ಮನೆ, ಈಗ ಮ್ಯೂಸಿಯಂ. ಒಳಗೆ ಗಿಟಾರ್‌ಗಳಿಗಿಂತ ಜಾಸ್ತಿ ನನ್ನ ಗಮನ ಸೆಳೆದದ್ದು ಇಬ್ಬರು ಅಜ್ಜಂದಿರು. ಬ್ಯಾಂಡಿನ ಅಣಬೆ ಗುರುತಿನ ಟೀ ಶರ್ಟ್ ತೊಟ್ಟು, ಒಂದು ಫೋಟೋ ಮುಂದೆ ನಿಂತು ಜಗಳ ಮಾಡುತ್ತಿದ್ದರು.

"ಡ್ವೇನ್ ಹೋದ ಮೇಲೆ ಬ್ಯಾಂಡೇ ಇಲ್ಲ" ಅನ್ನುವುದು ಒಬ್ಬರ ವಾದ. ಇನ್ನೊಬ್ಬರದು, 2000ದಲ್ಲಿ ಡಿಕಿಗೆ ಫ್ಯಾಕ್ಸ್ ಕಳಿಸಿ ಹೊರಗಿಟ್ಟರಲ್ಲ, ಅವತ್ತಿಗೆ ಮುಗೀತು ಅಂತ. ಭಾವ ಸುಮ್ನಿರಬೇಕಲ್ಲ! ಡಿಕಿ ಪಕ್ಷ ಸೇರಿಕೊಂಡರು. ಮೂವತ್ತು ವರ್ಷ ಜೊತೆಗಿದ್ದವನಿಗೆ ಫ್ಯಾಕ್ಸಾ?

ಆ ಫ್ಯಾಕ್ಸ್ ವಿಷಯದಲ್ಲಿ ನನಗೂ ಬೇಜಾರಿದೆ. ಆದರೆ ಬ್ಯಾಂಡ್ ಮುಗೀತು ಅನ್ನುವುದನ್ನು ಒಪ್ಪಲಾರೆ. ಲೆಕ್ಕ ಹಾಕಿ ನೋಡಿ. ಮೊದಲ ಆರು ಜನ ಒಟ್ಟಿಗೆ ನುಡಿಸಿದ್ದು ಎರಡೂವರೆ ವರ್ಷ. ವಾರೆನ್ ಹೇನ್ಸ್, ಡೆರೆಕ್ ಟ್ರಕ್ಸ್ ಗಿಟಾರ್ ಜೋಡಿ ಇದ್ದ ಕೊನೆಯ ತಂಡ 2001ರಿಂದ 2014ರವರೆಗೆ, ಹದಿಮೂರು ವರ್ಷ, ಒಬ್ಬರೂ ಬದಲಾಗದೆ ನಡೆಯಿತು. ಡೆರೆಕ್ ಹುಟ್ಟಿದ್ದೇ 1979ರಲ್ಲಿ, ಡ್ವೇನ್ ಸತ್ತು ಎಂಟು ವರ್ಷಕ್ಕೆ. ಅವನ ಬೆರಳಲ್ಲೂ ಅದೇ ಥರದ ಬಾಟಲಿ. ಜೊತೆಗೆ ಅಲಿ ಅಕ್ಬರ್ ಖಾನ್ ಸರೋದಿನ ಹುಚ್ಚು. ನಮ್ಮ ರಾಜೀವ ತಾರಾನಾಥರ ಗುರುಗಳೇ ಅವರು. ಕಿವಿಗೊಟ್ಟು ಕೇಳಿದರೆ ಡೆರೆಕ್ ಸ್ವರದಿಂದ ಸ್ವರಕ್ಕೆ ಜಾರಿಸುವ ಮೀಂಡ್‌ನಲ್ಲಿ ಅದು ಗೊತ್ತಾಗುತ್ತದೆ.

"ಭಾವ, ನಿಮ್ಮ ಕುಂದಾಪುರದ ಕಡೆ ಮೇಳಕ್ಕೆ ಹೊಸ ಭಾಗವತರು ಬಂದ್ರೆ ಆಟಕ್ಕೆ ಹೋಗೋದು ಬಿಡ್ತೀರಾ?"

"ಬಿಡೂದಿಲ್ಲ. ಆದ್ರೆ ಬೈತೇವೆ."

ಮಧ್ಯಾಹ್ನ ಎಚ್ ಅಂಡ್ ಎಚ್ ಹೋಟೆಲಿನಲ್ಲಿ ಊಟ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಈ ಹುಡುಗರಿಗೆ ಸಾಲಕ್ಕೆ ಊಟ ಹಾಕಿದ್ದು ಇಲ್ಲಿನ ಒಡತಿ ಮಾಮಾ ಲೂಯೀಸ್. 1972ರಲ್ಲಿ ಬ್ಯಾಂಡಿನವರು ಅವರನ್ನು ಟೂರಿಗೂ ಕರೆದುಕೊಂಡು ಹೋದರು. ಚಿಕನ್ ಫ್ರೈ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಸಂಜೆ ರೋಸ್ ಹಿಲ್ ಸ್ಮಶಾನ. ಒಕ್ಮಲ್ಗೀ ನದಿಗೆ ಇಳಿಯುವ ಗುಡ್ಡ, ಕೆಳಗೆ ರೈಲು ಹಳಿ. ಡ್ವೇನ್ 1971ರ ಅಕ್ಟೋಬರ್ 29ರಂದು ಇದೇ ಊರಲ್ಲಿ ಬೈಕ್ ಅಪಘಾತದಲ್ಲಿ ಸತ್ತ. ಒಂದು ವರ್ಷದ ಮೇಲೆ ಬೇಸ್ ವಾದಕ ಬೆರಿ ಓಕ್ಲಿ, ಅವನೂ ಬೈಕಿನಲ್ಲೇ, ಹೆಚ್ಚು ದೂರವಿಲ್ಲದ ಜಾಗದಲ್ಲಿ. ಇಬ್ಬರಿಗೂ 24 ವರ್ಷ. ಅಕ್ಕಪಕ್ಕ ಮಲಗಿದ್ದಾರೆ, ಸುತ್ತ ಕಬ್ಬಿಣದ ಬೇಲಿ. 2017ರಲ್ಲಿ ಡ್ವೇನ್‌ನ ತಮ್ಮ, ಬ್ಯಾಂಡಿನ ಹಾಡುಗಾರ ಗ್ರೆಗ್ ಕೂಡ ಬಂದು ಸೇರಿಕೊಂಡ. ಎಲಿಜಬೆತ್ ರೀಡ್ ಅನ್ನುವ ಹೆಂಗಸಿನ ಸಮಾಧಿಯೂ ಇದೇ ಗುಡ್ಡದಲ್ಲಿದೆ. ಡಿಕಿ ತನ್ನ ಹೆಸರುವಾಸಿ ರಚನೆಗೆ ಹೆಸರು ತೆಗೆದುಕೊಂಡದ್ದು ಆ ಕಲ್ಲಿನಿಂದ. ಭಾವ ಅದರ ಮುಂದೆ ತುಂಬಾ ಹೊತ್ತು ನಿಂತರು. ಬೆರಳಿನ ಬಾಟಲಿ ತೆಗೆದು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಬೆಳಗಿನ ಅಜ್ಜಂದಿರೂ ಏದುಸಿರು ಬಿಡುತ್ತಾ ಹತ್ತಿ ಬಂದರು. ಬೇಲಿಯ ಮುಂದೆ ನಿಂತು ನನ್ನ ಕೈಗೆ ಫೋನ್ ಕೊಟ್ಟು ಫೋಟೋ ತೆಗೆಸಿಕೊಂಡರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ನಾವು ಗೇಟಿನ ಕಡೆ ಹೊರಟಾಗ ಮತ್ತೆ ಅವರ ದನಿ ಏರಿತ್ತು. ಈ ಸಲ ಓಕ್ಲಿ ಜಾಗಕ್ಕೆ ಬಂದ ಲಮಾರ್ ವಿಲಿಯಮ್ಸ್ ಬಗ್ಗೆ.