ಆಟಿ ತಿಂಗಳಲ್ಲಿ ಒಂದು ಡಕೋಟ

ಕಿಕ್ ಹೊಡೆದರೂ ಏಳದ ಸ್ಕೂಟರ್, ಗಾಜು ಗಡಗಡ ಅನ್ನುವ ಬಸ್ಸು, ಕತ್ತು ವಾಲಿದ ಟೇಬಲ್ ಫ್ಯಾನು. ಇವಕ್ಕೆಲ್ಲ ನಮ್ಮ ಮನೆಯಲ್ಲಿ ಒಂದೇ ಹೆಸರು, ಡಕೋಟ. ಅದು ಒಂದು ವಿಮಾನದ ಹೆಸರು ಅಂತ ನನಗೆ ಗೊತ್ತಾಗುವಾಗ ಹೈಸ್ಕೂಲು ಮುಟ್ಟಿದ್ದೆ. ಹೇಳಿದ್ದು ದೊಡ್ಡಪ್ಪ.

"ಹಾಗೆ ತಮಾಷೆ ಮಾಡಬೇಡ ಮಾರಾಯ, ನೆಹರೂ ಬಜ್ಪೆಗೆ ಬಂದದ್ದು ಅದರಲ್ಲೇ."

1951ರ ಡಿಸೆಂಬರ್ 25, ಮಂಗಳೂರಿನ ಹತ್ತಿರದ ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾದ ದಿನ. ನೆಹರೂ ಬಂದಿಳಿದದ್ದು ಡಗ್ಲಾಸ್ ಡಿಸಿ-3ರಲ್ಲಿ. ಬ್ರಿಟಿಷರು ಇಟ್ಟ ಹೆಸರಿನಲ್ಲಿ ಹೇಳುವುದಾದರೆ ಡಕೋಟದಲ್ಲಿ. ದೊಡ್ಡಪ್ಪನಿಗೆ ಆಗ ಹತ್ತು ವರ್ಷ. ಪದವಿನ ಮೇಲೆ, ಅಂದರೆ ಗುಡ್ಡದ ಮೇಲಿನ ಬಯಲಲ್ಲಿ, ಜನವೋ ಜನ, ಕೆಂಪು ಧೂಳು, ಬಿಸಿಲು. ನೆಹರೂ ಕಂಡರಾ ಅಂತ ಕೇಳಿದರೆ ಪ್ರತಿ ಸಲವೂ ಅದೇ ಉತ್ತರ. "ಟೊಪ್ಪಿ ಕಂಡಿತು. ಯಾರ ಟೊಪ್ಪಿ ಅಂತ ಹೇಳುವುದು?"

ಪ್ಲಾಸ್ಟಿಕ್ ವಿಮಾನ ಜೋಡಿಸುವ ಹುಚ್ಚು ನನಗೆ ಹಿಡಿದು ಹನ್ನೊಂದು ವರ್ಷ ಆಯಿತು. ಬೆಜೈಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಮೇಜು, ಒಂದು ಪುಟ್ಟ ಕಂಪ್ರೆಸರ್, ಅದರ ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಒಂದು ಏರ್‌ಬ್ರಶ್. ಮಾಡಿದ್ದರಲ್ಲಿ ಜಾಸ್ತಿ ಯುದ್ಧ ವಿಮಾನಗಳೇ. ಅವುಗಳ ಹಸಿರು, ಬೂದು ಬಣ್ಣದಲ್ಲಿ ತಪ್ಪೆಲ್ಲ ಮುಚ್ಚಿಹೋಗುತ್ತದೆ. ಕಳೆದ ವರ್ಷ ಏರ್‌ಫಿಕ್ಸ್ ಕಂಪನಿಯ 1:72 ಡಕೋಟ ಕಿಟ್ ತರಿಸಿದ್ದು ದೊಡ್ಡಪ್ಪನಿಗೋಸ್ಕರ. ಒಂದಕ್ಕೆ ಎಪ್ಪತ್ತೆರಡು ಅಂದರೆ ಆರಡಿ ಆಳು ಒಂದಿಂಚು ಆಗುವ ಲೆಕ್ಕ. ಆ ಲೆಕ್ಕದಲ್ಲಿ ತೊಂಬತ್ತೈದು ಅಡಿಯ ರೆಕ್ಕೆ ನನ್ನ ಮೇಜಿನ ಮೇಲೆ ನಲವತ್ತು ಸೆಂಟಿಮೀಟರ್.

ಇದರಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಎಂಜಿನ್. ಅಸಲಿ ಡಕೋಟದ ಎಂಜಿನ್ನಿಗೆ ಹದಿನಾಲ್ಕು ಸಿಲಿಂಡರ್, ಏಳರ ಹಿಂದೆ ಏಳು, ಹೂವಿನ ಎಸಳಿನ ಹಾಗೆ ಸುತ್ತ ಜೋಡಿಸಿದ್ದು. ಮಾದರಿಯಲ್ಲಿ ಅದು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಅದರ ತುದಿಗೆ ಎಂಜಿನ್ ಅಂಟಿಸಿ, ಬೆರಳಲ್ಲಿ ತಿರುಗಿಸುತ್ತಾ ಬಣ್ಣ ಹಚ್ಚುತ್ತೇನೆ. ಮೊದಲು ಬೂದು. ಆಮೇಲೆ ನೀರಿನ ಹಾಗೆ ತೆಳ್ಳಗೆ ಮಾಡಿದ ಕಪ್ಪನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಸಾಕು, ಸಿಲಿಂಡರಿನ ಗೆರೆಗಳೊಳಗೆ ಅದಾಗಿಯೇ ಓಡುತ್ತದೆ. ಇಷ್ಟೆಲ್ಲ ಮಾಡಿ ಮೇಲೆ ಮುಚ್ಚಳ ಕೂರಿಸಿದರೆ ಮುಕ್ಕಾಲು ಭಾಗ ಒಳಗೆ ಹೋಯಿತು. ಯಾರಿಗೂ ಕಾಣುವುದಿಲ್ಲ. ಅಮ್ಮ ಇದಕ್ಕೆ "ಕೆಲಸ ಇಲ್ಲದವನ ಕೆಲಸ" ಅನ್ನುತ್ತಾರೆ, ನಾನು ವಾದ ಮಾಡುವುದಿಲ್ಲ. ಕಡ್ಡಿಗಳು ಹೋಗುವುದು ಅವರ ಹಿಡಿಸೂಡಿಯಿಂದ ಅಲ್ವಾ!

ಕಷ್ಟ ಶುರುವಾದದ್ದು ಬೆಳ್ಳಿ ಬಣ್ಣದಲ್ಲಿ. ಲೋಹದ ಹೊಳಪು ಬರಬೇಕಾದರೆ ಅಡಿಯಲ್ಲಿ ಕನ್ನಡಿಯಂಥ ಕಪ್ಪು ಬೇಕು. ಆ ಕಪ್ಪಿನ ಮೇಲೆ ಅಲ್ಯೂಮಿನಿಯಂ ಬಣ್ಣವನ್ನು ಹೊಗೆಯ ಹಾಗೆ ಹಗುರಕ್ಕೆ ಬಿಡಬೇಕು, ಒಂದರ ಮೇಲೊಂದು. ಅಡಿಯಲ್ಲಿ ಒಂದು ಗೀರು, ಒಂದು ಬೆರಳಚ್ಚು ಇದ್ದರೂ ಬೆಳ್ಳಿ ಅದನ್ನು ದುಪ್ಪಟ್ಟು ಮಾಡಿ ತೋರಿಸುತ್ತದೆ. 2000 ನಂಬರಿನ ಪಾಲಿಶ್ ಪೇಪರನ್ನು ನೀರಲ್ಲಿ ಅದ್ದಿ ಎರಡು ವಾರ ಉಜ್ಜಿದ್ದೇನೆ. ಬೇಸಿಗೆಯಲ್ಲಿ ಎರಡು ದಿನಕ್ಕೆ ಒಣಗುವ ಕಪ್ಪು ಈ ಸಲ ಒಂದು ವಾರ ಆದರೂ ಮುಟ್ಟಿದರೆ ಅಂಟು. ಕೊನೆಗೆ ಬಟ್ಟೆಗೆ ಬೂಸ್ಟು ಹಿಡಿಯದ ಹಾಗೆ ಕಪಾಟಿನಲ್ಲಿ ಉರಿಸುವ ಬಲ್ಬಿನ ಪಕ್ಕ, ಅಮ್ಮನ ಸೀರೆಗಳ ನಡುವೆ ಅದಕ್ಕೂ ಜಾಗ ಮಾಡಿದೆ.

ನಂಬರ್ ಯಾವುದು ಹಾಕುವುದು ಅಂತ ಯೋಚನೆ ಬೇಕಾಗಲಿಲ್ಲ. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಒಂದು ಹಳೇ ಡಕೋಟವನ್ನು ಬ್ರಿಟನ್ನಿನಲ್ಲಿ ರಿಪೇರಿ ಮಾಡಿಸಿ 2018ರಲ್ಲಿ ನಮ್ಮ ವಾಯುಪಡೆಗೆ ಕೊಟ್ಟರು. ಅವರ ತಂದೆ ಡಕೋಟ ಹಾರಿಸುತ್ತಿದ್ದವರು. ಆ ವಿಮಾನದ ನಂಬರ್ ವಿಪಿ 905. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟದ ನೆನಪಿಗೆ ಇಟ್ಟದ್ದು. ಹೆಸರು ಪರಶುರಾಮ! ಕೊಡಲಿ ಎಸೆದು ಸಮುದ್ರದಿಂದ ನಮ್ಮ ಊರನ್ನು ಎತ್ತಿದವನ ಹೆಸರಿನ ವಿಮಾನ ಇರುವಾಗ ಬೇರೆ ನಂಬರ್ ಯಾಕೆ? ಹಳೇ ಕಿಟ್‌ಗಳಲ್ಲಿ ಉಳಿದ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆಗಳಿಂದ ಒಂದೊಂದೇ ಅಕ್ಷರ ಕತ್ತರಿಸಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಚಿಮಟದಲ್ಲಿ ಹಿಡಿದು ಕೂರಿಸಿದೆ. ಐದು ಅಕ್ಷರಕ್ಕೆ ಒಂದು ಸಂಜೆ ಹೋಯಿತು. ಒಂಬತ್ತು ಸ್ವಲ್ಪ ವಾಲಿದೆ.

ಆಟಿ ಅಂದರೆ ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳು. ಅದರ ಒಂದು ಭಾನುವಾರ ದೊಡ್ಡಪ್ಪ ಕೆಸುವಿನ ಎಲೆಯ ಪತ್ರೊಡೆ ಊಟಕ್ಕೆ ಬರುವವರಿದ್ದರು. ವಿಮಾನ ಮುಗಿದಿತ್ತು. ಡೆಕಾಲಿನ ಅಂಚು ಮಾತ್ರ ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಅದರ ಮೇಲೆ ತೆಳ್ಳಗೆ ಒಂದು ವಾರ್ನಿಶ್ ಬಿಟ್ಟರೆ ಮಾಯ ಆಗುತ್ತದೆ ಅಂತ ತಲೆಗೆ ಹೊಕ್ಕಿತು. ಬೆಳಿಗ್ಗೆ ಒಂಬತ್ತಕ್ಕೆ ಮಳೆಯೂ ನಿಂತಿತ್ತು. ಗೋಡೆಯಲ್ಲಿದ್ದ ತೇವಾಂಶದ ಮೀಟರ್ 91 ತೋರಿಸುತ್ತಿತ್ತು. ನೋಡಿದೆ. ನೋಡಿಯೂ ಮಾಡಿದೆ.

ಬಿಡುವಾಗ ಒದ್ದೆಯಾಗಿ ಚೆಂದ ಹೊಳೆಯಿತು. ಅರ್ಧ ನಿಮಿಷ ಅಷ್ಟೇ. ಕನ್ನಡಿಗೆ ಬಾಯಿಂದ ಉಸಿರು ಬಿಟ್ಟ ಹಾಗೆ ರೆಕ್ಕೆಯ ಬುಡದಲ್ಲಿ ಒಂದು ಮಬ್ಬು ಎದ್ದಿತು. ಒರೆಸಿದರೆ ಹೋಗುವ ಮಬ್ಬಲ್ಲ ಅದು. ನೋಡನೋಡುತ್ತ ಇಡೀ ಬಲ ರೆಕ್ಕೆ, ಬೆನ್ನು, ಬಾಲ ಎಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು.

ಇದು ಯಾಕೆ ಆಗುತ್ತದೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ತಿನ್ನರ್ ಬೇಗ ಆರುತ್ತದೆ, ಆರುವಾಗ ಬಣ್ಣ ತಣ್ಣಗಾಗುತ್ತದೆ, ಗಾಳಿಯಲ್ಲಿದ್ದ ನೀರು ಬಂದು ಅದರ ಮೇಲೆ ಕೂರುತ್ತದೆ. ವಾರ್ನಿಶ್ ಗಟ್ಟಿಯಾಗುವಾಗ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಕಂಪ್ರೆಸರಿನ ನೀರು ಹಿಡಿಯುವ ಬಾಟಲಿಯಲ್ಲಿ ಅರ್ಧ ಬೆರಳು ನೀರಿತ್ತು, ಅದನ್ನೂ ಖಾಲಿ ಮಾಡಿರಲಿಲ್ಲ. ಅದು ಸಾಲದು ಅಂತ ಒಳಗೆ ಪತ್ರೊಡೆ ಒಂದು ಗಂಟೆಯಿಂದ ಬೇಯುತ್ತಿತ್ತು. ಬಾಲ್ಕನಿ ಬಾಗಿಲು ತೆರೆದೇ ಇತ್ತು, ಹಬೆಯೆಲ್ಲ ನನ್ನ ಕಡೆಗೆ.

"ಎಂತ ನಾತ ಅದು? ಪತ್ರೊಡೆಗೆ ಹಿಡಿದರೆ ಯಾರು ತಿನ್ನುವುದು?" ಅಮ್ಮ ಒಳಗಿಂದ ಕೂಗಿದರು.

"ನಿಮ್ಮ ಪತ್ರೊಡೆ ನನ್ನ ವಿಮಾನಕ್ಕೆ ಹಿಡಿದಿದೆ," ಅಂದೆ.

ಇದಕ್ಕೆ ಮದ್ದು ಇಲ್ಲದಿಲ್ಲ. ನಿಧಾನಕ್ಕೆ ಆರುವ ತಿನ್ನರನ್ನು ಬರೀ ಮಂಜಿನ ಹಾಗೆ ಮೇಲೆ ಬಿಟ್ಟರೆ ವಾರ್ನಿಶ್ ಮತ್ತೆ ಮೆತ್ತಗಾಗಿ ನೀರು ಹೊರಗೆ ಹೋಗುತ್ತದೆ. ಬೆನ್ನಿನ ಮೇಲೆ ಬಿಟ್ಟೆ, ಬೆಳ್ಳಿ ವಾಪಸ್ ಬಂತು. ಬಾಲಕ್ಕೂ ಬಂತು. ಬಂತಲ್ಲ ಅಂತ ಧೈರ್ಯ ಜಾಸ್ತಿಯಾಗಿ ಬಲ ರೆಕ್ಕೆಗೆ ಸ್ವಲ್ಪ ಹೆಚ್ಚೇ ಬಿಟ್ಟೆ. ಅಲ್ಲಿ ಅಡಿಯ ಬೆಳ್ಳಿಯೇ ಕರಗಿ ಎಂಜಿನ್ನಿನ ಕಡೆಗೆ ಹರಿಯಿತು. ಒಳಗಿನ ಕಪ್ಪು ಮೇಲೆ ಬಂತು. ಏರ್‌ಬ್ರಶ್ ಕೆಳಗಿಟ್ಟೆ. ಇನ್ನು ಮುಟ್ಟಿದರೆ ಉಳಿದದ್ದೂ ಹೋಗುತ್ತದೆ ಅಂತ ಕೈಗೇ ಗೊತ್ತಾಗುತ್ತದೆ, ಅಷ್ಟು ವರ್ಷ ಹಾಳು ಮಾಡಿದ ಮೇಲೆ.

ದೊಡ್ಡಪ್ಪ ಹನ್ನೆರಡೂವರೆಗೆ ಬಂದರು. ಕೊಡೆ ಬಾಗಿಲ ಹೊರಗಿಟ್ಟು, ಕಾಲು ಒರೆಸಿ, ಅಮ್ಮನ ಹತ್ತಿರ ಮಳೆಯ ಸುದ್ದಿ ಮಾತಾಡಿ ಸೀದಾ ಬಾಲ್ಕನಿಗೆ. ನಾನು ಬಲ ರೆಕ್ಕೆ ಗೋಡೆಯ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟಿದ್ದೆ. ಅವರು ರೆಕ್ಕೆ ನೋಡಲೇ ಇಲ್ಲ. ನಂಬರ್ ನೋಡಲಿಲ್ಲ, ಪರಶುರಾಮನ ಕಥೆ ನನ್ನ ಬಾಯಲ್ಲೇ ಉಳಿಯಿತು. ಎರಡೂ ಕೈ ಮೇಜಿಗೆ ಊರಿ, ಮೊಣಕಾಲು ಬಗ್ಗಿಸಿ, ಮೆಲ್ಲ ಕೆಳಗೆ ಇಳಿದರು. ಎಂಬತ್ತನಾಲ್ಕರ ಮೊಣಕಾಲು, ಸದ್ದು ನನಗೂ ಕೇಳಿಸಿತು. ಗಲ್ಲ ಮೇಜಿನ ಮಟ್ಟಕ್ಕೆ ಬಂದ ಮೇಲೆ ಒಂದು ಕಣ್ಣು ಮುಚ್ಚಿ ಎದುರಿನಿಂದ ನೋಡಿದರು.

ಡಕೋಟ ಬಾಲ ನೆಲಕ್ಕೆ ಕೊಟ್ಟು ಕೂರುವ ವಿಮಾನ, ಮೂಗು ಮೇಲೆ. ಹತ್ತು ವರ್ಷದ ಹುಡುಗನಿಗೆ ಜನರ ತಲೆಗಳ ಮೇಲಿಂದ ಕಂಡಿರಬಹುದಾದದ್ದು ಆ ಮೂಗು, ಎರಡು ಎಂಜಿನ್ನು. ಅಷ್ಟೇ.

"ಹೂಂ. ಹೀಗೇ ಇತ್ತು," ಅಂದರು. ಮತ್ತೆ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ಫ್ಯಾನು ತಿರುಗ್ತದಾ?"

"ತಿರುಗ್ತದೆ ದೊಡ್ಡಪ್ಪ, ಗಮ್ ಹಾಕಲಿಲ್ಲ."

ತುಟಿ ಮುಂದೆ ಮಾಡಿ ಉಫ್ ಅಂತ ಊದಿದರು. ಎಡದ ಫ್ಯಾನು ಗಿರ್ರನೆ ತಿರುಗಿತು. ಬಲದ್ದಕ್ಕೆ ಇನ್ನೊಮ್ಮೆ ಊದಿದರು, ಜೋರಾಗಿ. ಅದು ಅಲ್ಲಾಡಲಿಲ್ಲ. ಬೆಳಿಗ್ಗೆ ಹರಿದ ಬೆಳ್ಳಿ ಅದರ ನಡುವೆ ಸೇರಿ ಗಟ್ಟಿ ಹಿಡಿದುಕೊಂಡಿತ್ತು.

"ಡಕೋಟ," ಅಂತ ಹೇಳಿ, ನನ್ನ ಭುಜ ಹಿಡಿದು ಎದ್ದು ಊಟಕ್ಕೆ ಹೋದರು.