ಗಂಟಲು ಹರಿಯುವಂತೆ ಹಾಡಿದರೂ ಗಿಟಾರೇ ಕೇಳುತ್ತದಲ್ಲ, ಯಾಕೆ?

"ಅಲ್ಲ ಸ್ವಾಮಿ, ಆವಮ್ಮ ಗಂಟ್ಲು ಹರ್ಕಂಡು ಹಾಡ್ತಾವ್ಳೆ, ಒಂದಕ್ಷರಾನೂ ಕೇಳಕ್ಕಿಲ್ವಲ್ಲ. ಮೈಕ್ ಸೌಂಡ್ ಜಾಸ್ತಿ ಮಾಡ್ಬಾರ್ದಾ?" ಅಮೆರಿಕದ ಬ್ಲೂಸ್ ಹಾಡನ್ನು ಜೋರು ಗಿಟಾರಿನ ಜೊತೆ ನುಡಿಸುವ ಬ್ಲೂಸ್ ರಾಕ್ ಬ್ಯಾಂಡೊಂದು ವೇದಿಕೆ ಹತ್ತಿದರೆ ಸಾಕು, ಎಲ್ಲ ಮೈಕುಗಳ ಸದ್ದು ಹದ ಮಾಡುವ ಮಿಕ್ಸರ್ ಪಕ್ಕಕ್ಕೆ ಬಂದು ಯಾರಾದರೂ ಹೀಗೆ ಕೇಳುತ್ತಾರೆ. ಮಂಡ್ಯದಲ್ಲಿ ನೇರವಾಗಿ, ಮೈಸೂರಿನಲ್ಲಿ ಸ್ವಲ್ಪ ನಯವಾಗಿ. ಉತ್ತರ ಒಂದೇ: ಜಾಸ್ತಿ ಮಾಡಬೇಡಿ. ಮಿಕ್ಕಿದ್ದನ್ನು ಇಳಿಸಿ, ಆಕೆಯ ದನಿ ಮೊದಲು ಆಕೆಗೇ ಕೇಳುವಂತೆ ಮಾಡಿ.

ನಮ್ಮ ಕಡೆ ಮೈಕ್ ಸೆಟ್‌ನವರ ಕೈ ಪಳಗಿರುವುದು ಆರ್ಕೆಸ್ಟ್ರಾಕ್ಕೆ. ಗಣೇಶನ ಹಬ್ಬದ ಚಿತ್ರಗೀತೆಯಲ್ಲಿ ಹೆಣ್ಣುದನಿ ಮೇಲಿನ ಸ್ಥಾಯಿಯಲ್ಲಿರುತ್ತದೆ, ವಾದ್ಯಗಳು ಅದಕ್ಕೆ ದಾರಿ ಬಿಟ್ಟೇ ನುಡಿಯುತ್ತವೆ. ಟ್ರೆಬಲ್ ಏರಿಸಿ ಎಕೋ ಸುರಿದರೂ ನಡೆದುಹೋಗುತ್ತದೆ. ಬ್ಲೂಸ್ ಹಾಡುವಾಕೆಯದು ತಗ್ಗಿನ, ಗೊಗ್ಗರು ಬೆರೆತ, ತುಂಬು ದನಿ. ಮಾತಿನ ಅಕ್ಷರಗಳು ಸ್ಪಷ್ಟವಾಗುವುದು ಹೆಚ್ಚುಕಡಿಮೆ 1ರಿಂದ 4 ಕಿಲೋಹರ್ಟ್ಸ್ (ಶ್ರುತಿಯ ಎತ್ತರದ ಅಳತೆ) ಒಳಗೆ. ಡಿಸ್ಟಾರ್ಷನ್ ಹಾಕಿ ದನಿ ಒರಟಾಗಿಸಿದ ಗಿಟಾರ್ ಮತ್ತು ಡ್ರಮ್ ಸೆಟ್ಟಿನ ತಟ್ಟೆಗಳಾದ ಸಿಂಬಲ್ ಜಮಾಯಿಸುವುದೂ ಅಲ್ಲೇ. ಮೂವರೂ ಒಂದೇ ಬಾಗಿಲಲ್ಲಿ ನುಗ್ಗುವಾಗ ಮಿಕ್ಸರಿನಲ್ಲಿ ಸದ್ದು ಹೆಚ್ಚಿಸುವ ಫೇಡರ್ ಏರಿಸಿದರೆ ಸಿಗುವುದು ದನಿಯಲ್ಲ, ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು 'ಕುಯ್ಯ್' ಎನ್ನುವ ಫೀಡ್‌ಬ್ಯಾಕು.

ಇನ್ನೂ ಕೆಟ್ಟದ್ದು ಆಕೆಯ ಗಂಟಲಿಗೆ ಆಗುವುದು. ತನ್ನ ದನಿ ತನಗೆ ಕೇಳದಿದ್ದರೆ ಯಾರೇ ಆದರೂ ತಿಳಿಯದೆಯೇ ಜೋರು ಮಾಡುತ್ತಾರೆ, ಸಂತೆಯಲ್ಲಿ ಮಾತಾಡುವಂತೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎಂದು ಹೆಸರು. ಮೊದಲ ಎರಡು ಹಾಡಿನಲ್ಲೇ ಹೀಗೆ ತಳ್ಳಿ ಹಾಡಿದರೆ ಆಮೇಲೆ ಮೆಲುದನಿ ಬಾ ಎಂದರೂ ಬರುವುದಿಲ್ಲ. ಬ್ಲೂಸಿನ ಜೀವ ಇರುವುದು ಪಿಸುಮಾತಿಗೂ ಕೂಗಿಗೂ ನಡುವಿನ ಅಂತರದಲ್ಲಿ. ಅದು ಹೋದರೆ ಉಳಿಯುವುದು ಬರೀ ಗದ್ದಲ.

ಹಾಗಾಗಿ ಸೌಂಡ್ ಚೆಕ್ ದನಿಯಿಂದಲೇ ಶುರುವಾಗಲಿ. ಅರ್ಧ ಗಂಟೆ ಕಿಕ್ ಡ್ರಮ್ ಗುದ್ದಿಸಿ, ಹಾಡುವವಳಿಗೆ ಕೊನೆಯ 5 ನಿಮಿಷ ಬಿಡುವ ಪದ್ಧತಿಯೇ ಅರ್ಧ ತೊಂದರೆಗೆ ಮೂಲ. ಮೈಕಿನ ಮುಂದೆ 'ಹಲೋ, ಚೆಕ್' ಅನ್ನಿಸಿ ಗೇನ್ (ಮೈಕಿನಿಂದ ಒಳಬರುವ ಸದ್ದಿನ ಮಟ್ಟ) ಇಡಬೇಡಿ. ಅತಿ ಜೋರಿನ ಸಾಲನ್ನೇ ಹಾಡಿಸಿ, ಡಿಜಿಟಲ್ ಮಿಕ್ಸರ್ ಆದರೆ ಮೀಟರ್ ಮೈನಸ್ 10–12 ಡೆಸಿಬಲ್ ಮುಟ್ಟುವಷ್ಟಕ್ಕೆ ನಿಲ್ಲಿಸಿ. 100–120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಆಕೆಯದ್ದೇನೂ ಇಲ್ಲ, ಬಾಸ್ ಮತ್ತು ವೇದಿಕೆ ಹಲಗೆಯ ಕುಟ್ಟು ಮಾತ್ರ. ದನಿ ಮಂಕಾದರೆ 250–300 ಹರ್ಟ್ಸ್ ಸುತ್ತ 2–3 ಡೆಸಿಬಲ್ ತೆಗೆಯಿರಿ. ಕೂಗಿದಾಗ ಕಿವಿಗೆ ಚುಚ್ಚಿದರೆ 2.5–4 ಕಿಲೋಹರ್ಟ್ಸ್ ನಡುವೆ ಹುಡುಕಿ ಅಷ್ಟೇ ತೆಗೆಯಿರಿ. ಹೆಚ್ಚು ತೆಗೆದರೆ ಗೊಗ್ಗರೂ ಹೋಗುತ್ತದೆ, ಆಮೇಲೆ ಅದು ಭಾವಗೀತೆ.

ಜೋರನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ 3:1 ಸಾಕು, ಅಂದರೆ ಮಿತಿ ಮೀರಿದ 3 ಡೆಸಿಬಲ್ 1 ಆಗಿ ಹೊರಬರುವಷ್ಟು. ಅದು ಹಿಡಿಯುವ ಹೊತ್ತು (ಅಟ್ಯಾಕ್) 20 ಮಿಲಿಸೆಕೆಂಡ್, ಬಿಡುವ ಹೊತ್ತು (ರಿಲೀಸ್) 120ರ ಆಸುಪಾಸು, ಅತಿ ಜೋರಿನಲ್ಲಿ 4–6 ಡೆಸಿಬಲ್ ಇಳಿದರೆ ಸರಿ. 8:1 ಹಾಕಿದರೆ ಪಿಸುಮಾತೂ ಕೂಗೂ ಒಂದೇ ಎತ್ತರಕ್ಕೆ ಬರುತ್ತವೆ. ಸಾಧ್ಯವಿದ್ದರೆ, ಆಕೆಗೆ ಆಕೆಯ ದನಿ ಕೇಳಿಸುವ ವೇದಿಕೆ ಸ್ಪೀಕರಾದ ಮಾನಿಟರ್‌ಗೆ ಕಂಪ್ರೆಸರ್‌ಗಿಂತ ಮುಂಚಿನ ಸಿಗ್ನಲ್ ಕೊಡಿ. ಇಲ್ಲದಿದ್ದರೆ ಆಕೆ ಎಷ್ಟು ಜೋರು ಮಾಡಿದರೂ ಆಕೆಯ ಕಿವಿಗೆ ಅಷ್ಟೇ ಕೇಳುತ್ತದೆ, ಮತ್ತೆ ತಳ್ಳುತ್ತಾಳೆ.

ಮಾನಿಟರ್ ಎಲ್ಲಿಡಬೇಕು ಎನ್ನುವುದನ್ನು ಮೈಕ್ ಹೇಳುತ್ತದೆ. ಎಲ್ಲರ ಹತ್ತಿರವೂ ಇರುವ ಶೂರ್ ಎಸ್‌ಎಂ58ರ ಕಿವುಡು ಮೂಲೆ, ಅಂದರೆ ಅತಿ ಕಡಿಮೆ ಕೇಳಿಸಿಕೊಳ್ಳುವ ಜಾಗ, ಅದರ ಬಾಲದ ಕಡೆ, ಹಾಗಾಗಿ ಮಾನಿಟರ್ ಆಕೆಯ ನೇರ ಎದುರಿಗೆ. ಬೀಟಾ 58ಎ ಥರದ ಸೂಪರ್ ಕಾರ್ಡಿಯಾಯ್ಡ್ (ಮುಂದಿನ ದನಿಯನ್ನು ಇನ್ನೂ ಕಿರಿದಾಗಿ ಹಿಡಿಯುವ ಮೈಕ್) ಆದರೆ ಕಿವುಡು ಜಾಗ ಹಿಂದೆ ಎರಡೂ ಓರೆಗೆ ಇರುತ್ತದೆ. ಎರಡು ಮಾನಿಟರ್ ಎಡಬಲಕ್ಕೆ ಓರೆಯಾಗಿಡಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಎರಡೂ ಲೆಕ್ಕ ಕೆಟ್ಟಿತು, ಹಿಂದಿನ ತೂತು ಮುಚ್ಚಿ ಮೈಕ್ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳತೊಡಗುತ್ತದೆ. ನೋಡಲು ಸ್ಟೈಲು, ಕೇಳಲು ಶಿಕ್ಷೆ. ಮೆಲ್ಲಗೆ ಹಾಡುವಾಗ ತುಟಿಯಿಂದ 2–3 ಸೆಂಟಿಮೀಟರ್, ಕೂಗುವಾಗ 10–12 ದೂರ ಸರಿಯುವುದು ಗಾಯಕಿಯ ಕೆಲಸ. ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ಡ್ರಮ್ ಮೈಕಿಗೆ ನುಗ್ಗುವುದು ಇಳಿಯುವುದಿಲ್ಲ. ಪಿಸುಗುಟ್ಟುವಾಗ ದೂರ ನಿಂತರೆ ನಮ್ಮ ಕೈಲಿ ಏನೂ ಇಲ್ಲ.

ಗಿಟಾರಿನವರ ಜೊತೆ ಸ್ವಲ್ಪ ಜಗಳವಾಡಲೇಬೇಕು. ಗಿಟಾರಿನ ಸದ್ದು ಹೊರಡಿಸುವ ಆಂಪ್ ಅವರ ಮೊಣಕಾಲಿಗೆ ಬಾರಿಸುತ್ತಿರುತ್ತದೆ, ಅವರಿಗೆ ಕೇಳುವುದಿಲ್ಲ, ಏರಿಸುತ್ತಾರೆ. ಆಂಪನ್ನು ಕುರ್ಚಿಯ ಮೇಲೆತ್ತಿ ಅವರ ಕಿವಿಗೆ ತಿರುಗಿಸಿ, ತಾವಾಗಿಯೇ ಇಳಿಸುತ್ತಾರೆ.

ಬ್ಯಾಂಡು ಹೇಗೆ ತಗ್ಗಬೇಕೆಂದು ತಿಳಿಯಲು ಅಮೆರಿಕದ ಬ್ಲೂಸ್ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ಹಾಡಿದ್ದನ್ನು ನೋಡಿ. ಶನಿವಾರದ ಕಛೇರಿಯನ್ನು ಚಿತ್ರೀಕರಿಸಿರಲಿಲ್ಲ, ಕ್ಯಾಮೆರಾಕ್ಕೆಂದು ಭಾನುವಾರ ಮತ್ತೆ ಹಾಡಿದರು. ಬ್ಲೂಸ್ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಬರೆದ 'ಬಾಲ್ ಅಂಡ್ ಚೈನ್' ಅದು. ಆಕೆ ಗೊಣಗುವಾಗ ಬ್ಯಾಂಡ್ ಬಹುತೇಕ ಉಸಿರು ಹಿಡಿದು ನಿಂತಿರುತ್ತದೆ, ಆ ಮೌನದಿಂದಲೇ ಮುಂದಿನ ಕೂಗಿಗೆ ಬೆಲೆ. ಅವರ 1968ರ 'ಚೀಪ್ ಥ್ರಿಲ್ಸ್' ಆಲ್ಬಮ್ ಕೇಳಿ ಲೈವ್ ಸೌಂಡ್ ಕಲಿಯಲು ಹೋಗಬೇಡಿ. ಬಹುಪಾಲು ಸ್ಟುಡಿಯೋದಲ್ಲೇ ಮಾಡಿ ಜನರ ಗಲಾಟೆ ಸೇರಿಸಿದ್ದು, ಅದರಲ್ಲಿ ನಿಜವಾಗಿ ಲೈವ್ ಆಗಿರುವುದು 'ಬಾಲ್ ಅಂಡ್ ಚೈನ್' ಮಾತ್ರ. ನಮ್ಮ ದೇಶದವರೇ ಬೇಕೆಂದರೆ ಶಿಲ್ಲಾಂಗಿನ ಸೋಲ್‌ಮೇಟ್ ಬ್ಯಾಂಡಿನ ಗಾಯಕಿ ಟಿಪ್ರಿಟಿ ಖಾರ್ಬಂಗಾರ್ ಇದ್ದಾರೆ.

ರಿವರ್ಬ್, ಅಂದರೆ ಗೋಡೆಗೆ ಬಡಿದು ಬರುವಂಥ ಅನುರಣನೆ, ಎಷ್ಟು ಎಂಬುದು ಜಾಗದ ಮೇಲೆ. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಗೋಡೆ ಏನನ್ನೂ ಹಿಂತಿರುಗಿಸುವುದಿಲ್ಲ, 1.5 ಸೆಕೆಂಡಿನ ಪ್ಲೇಟ್ ಬಗೆಯ ರಿವರ್ಬನ್ನು ದನಿ ಬಂದ 50 ಮಿಲಿಸೆಕೆಂಡ್ ಆದ ಮೇಲೆ ಶುರುವಾಗುವಂತೆ (ಪ್ರಿ-ಡಿಲೇ) ಹಾಕಿದರೆ ಮಾತು ಒದ್ದೆಯಾಗದೆ ದನಿ ತುಂಬಿಕೊಳ್ಳುತ್ತದೆ. ಟೈಲ್ಸ್ ಹಾಸಿದ ಮದುವೆ ಛತ್ರದಲ್ಲಿ ಒಂದು ಹನಿಯೂ ಬೇಡ, ಕಟ್ಟಡವೇ ಬೇಕಾದಷ್ಟು ಕೊಡುತ್ತದೆ. ಸಂಜೆ 5ಕ್ಕೆ ಖಾಲಿ ಛತ್ರದಲ್ಲಿ ಗಂಯ್‌ಗುಟ್ಟಿದ್ದು 7ಕ್ಕೆ ಜನ ತುಂಬಿದಾಗ ತಾನಾಗಿ ತಗ್ಗುತ್ತದೆ, ಹಾಗಾಗಿ ಖಾಲಿ ಹಾಲಿನಲ್ಲಿ ಟ್ರೆಬಲ್ ಪೂರ್ತಿ ಕೊಯ್ದುಬಿಡಬೇಡಿ.

ಕೊನೆಗೆ ಗಡಿಯಾರ. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಸ್ವಾಗತ ಭಾಷಣ, ಶಾಲು ಹಾರ ಎಲ್ಲ ಮುಗಿದು ಕಾರ್ಯಕ್ರಮ ತಡವಾಗುವುದು ಇಲ್ಲಿ ಹೊಸದಲ್ಲ. ಬ್ಯಾಂಡಿನವರು ಮಾತ್ರ 8 ನಿಮಿಷದ ನಿಧಾನಗತಿಯ ಬ್ಲೂಸನ್ನು ಕೊನೆಗೇ ಇಟ್ಟುಕೊಂಡಿರುತ್ತಾರೆ. ಅದನ್ನು ಮೂರನೆಯದೋ ನಾಲ್ಕನೆಯದೋ ಹಾಡಾಗಿ, ಗಂಟಲು ಬಿಸಿಯಾಗಿ ಇನ್ನೂ ದಣಿಯದಿರುವಾಗ ಹಾಡಿಸಿ. 9:55ಕ್ಕೆ ಶುರು ಮಾಡಿದರೆ ಆಕೆ ಮೆಲುದನಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಪೊಲೀಸಿನವರು ಮಿಕ್ಸರ್ ಪಕ್ಕದಲ್ಲಿ ನಿಂತಿರುತ್ತಾರೆ.