ಬೆಳಿಗ್ಗೆ ಫ್ಲೈಟ್, ಸಂಜೆ ಹಡಗು: ಮಂಡ್ಯ-ಮೈಸೂರಿನವರಿಗೆ ಕೂಡದ ಲೆಕ್ಕ

ನಾವು ಮುಂಬೈನಿಂದ ಕ್ರೂಸ್‌ಗೆ, ಅಂದರೆ ಹಡಗಿನ ವಿಹಾರಕ್ಕೆ, ಹೋಗಿ ಬಂದ ಮೇಲೆ ಮಂಡ್ಯದಲ್ಲಿ ಎಲ್ಲರೂ ಕೇಳುವುದು ಒಂದೇ. "ಹಿಂದಿನ ದಿನವೇ ಯಾಕೆ ಹೋದ್ರಿ? ಅವತ್ತೇ ಬೆಳಿಗ್ಗೆ ಫ್ಲೈಟ್ ಹಿಡಿದಿದ್ರೆ ಹೋಟೆಲ್ ದುಡ್ಡು ಉಳೀತಿತ್ತಲ್ವಾ?"

ಉಳಿಯುತ್ತಿತ್ತು, ನಿಜ. ಬೆಂಗಳೂರಿನವರು ಬೇಕಾದರೆ ಆ ಧೈರ್ಯ ಮಾಡಲಿ. ನಮ್ಮ ಕಡೆಯವರು ಮಾತ್ರ ಬೇಡ. ನಮಗೆ ಪ್ರಯಾಣ ಶುರುವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ಮನೆ ಬಾಗಿಲಲ್ಲಿ.

ಸಂಜೆ 5ಕ್ಕೆ ಹಡಗು ಅಂತ ಇಟ್ಟುಕೊಳ್ಳಿ. ಚೆಕ್‌ಇನ್ ಅನ್ನು ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತಾರೆ. ಅಂದರೆ ಮೂರೂವರೆಗೆ ನೀವು ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್‌ನ ಟರ್ಮಿನಲ್ ಒಳಗಿರಬೇಕು. ಮುಂಬೈ ಏರ್‌ಪೋರ್ಟ್ ಇರುವುದು ಅಂಧೇರಿ-ಸಾಂತಾಕ್ರೂಜ್ ಕಡೆ, ಬಂದರು ಇರುವುದು ದಕ್ಷಿಣ ಮುಂಬೈನಲ್ಲಿ. ಟ್ರಾಫಿಕ್ ಕೆಟ್ಟರೆ ಕಾರಿನಲ್ಲಿ ಎರಡು ಗಂಟೆ ಹಿಡಿಯುತ್ತದೆ. ಬ್ಯಾಗ್ ಬರುವುದಕ್ಕೆ ಮುಕ್ಕಾಲು ಗಂಟೆ ಬಿಡಿ. ಸ್ವಲ್ಪ ಕೈಯಲ್ಲಿ ಟೈಮ್ ಇರಲಿ ಅಂದರೆ ಹನ್ನೊಂದಕ್ಕೆಲ್ಲ ಮುಂಬೈನಲ್ಲಿ ಇಳಿದಿರಬೇಕು. ಹಾಗಾದರೆ ದೇವನಹಳ್ಳಿಯಿಂದ ಫ್ಲೈಟ್ ಒಂಬತ್ತಕ್ಕೆ, ನಾವು ಅಲ್ಲಿರಬೇಕಾದದ್ದು ಏಳಕ್ಕೆ, ಮಂಡ್ಯ ಬಿಡಬೇಕಾದದ್ದು ಮೂರೂವರೆಗೆ. ಮೈಸೂರಿನವರು ಎರಡೂವರೆಗೆ. ರಾತ್ರಿ ಯಾರೂ ಮಲಗುವ ಹಾಗಿಲ್ಲ.

ಇಷ್ಟೆಲ್ಲ ಕೂಡಿಬರುವುದು ಎಲ್ಲಾ ಸರಿಯಾಗಿದ್ದರೆ. ಮುಂಬೈ ಕಡೆ ಕ್ರೂಸ್‌ಗಳು ಜೋರಾಗುವುದು ಮಳೆಗಾಲ ಕಳೆದ ಮೇಲೆ. ದೇವನಹಳ್ಳಿಯಲ್ಲಿ ಬೆಳಗಿನ ಮಂಜು ಮುಸುಕಿ ವಿಮಾನಗಳು ಹೊರಡದೆ ನಿಲ್ಲುವುದೂ ಡಿಸೆಂಬರ್, ಜನವರಿಯಲ್ಲೇ. ಇನ್ನು ನಮ್ಮ ಹೆದ್ದಾರಿಯ ಕಥೆ ನಿಮಗೆ ಹೇಳಬೇಕೆ? 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಒಂದರ ಹಿಂದೆ ಒಂದು ಬಂದವು. ಕೊನೆಯದರ ದಿನ ಬೆಂಗಳೂರಿನ ವಿಮಾನಗಳೇ ಹತ್ತಾರು ರದ್ದಾದವು. 2024ರ ಜುಲೈ 19ರಂದು ಕಂಪ್ಯೂಟರ್‌ಗಳು ಕೆಟ್ಟು ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಇಂಥ ದಿನ ಮುಂಚೆ ಹೇಳಿ ಬರುವುದಿಲ್ಲ.

ಟರ್ಮಿನಲ್ ಸಾಲಿನಲ್ಲಿ ನಮ್ಮ ಮುಂದೆ ದಾವಣಗೆರೆ ಕಡೆಯವರೊಬ್ಬರು ನಿಂತಿದ್ದರು. ಫೋನು ಕಿವಿಯಿಂದ ಕೆಳಗಿಳಿಯಲೇ ಇಲ್ಲ. "ಎಲ್ಲಿದೀಯೋ? ಇನ್ನೂ ಬಾಂದ್ರಾನಾ?" ತಮ್ಮನ ಸಂಸಾರ ಅವತ್ತೇ ಬೆಳಿಗ್ಗೆ ಹೊರಟಿತ್ತಂತೆ, ಫ್ಲೈಟ್ ಲೇಟು. ರಾತ್ರಿ ಡೆಕ್ ಮೇಲೆ ಸಿಕ್ಕಾಗ ಅವರೇ ಹೇಳಿದರು. ತಮ್ಮ ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಹಡಗು ಅಲ್ಲೇ ಕಣ್ಣೆದುರು ನಿಂತಿತ್ತು, ಹತ್ತಿಸಲಿಲ್ಲ. ಮಕ್ಕಳಿಗೆ ಏನು ಹೇಳುವುದು ಅಂತ ತಿಳಿಯದೆ ಟ್ಯಾಕ್ಸಿಯಲ್ಲೇ ಕೂತಿದ್ದರಂತೆ.

ಕಠಿಣ ಅನ್ನಿಸುತ್ತದೆ, ಆದರೆ ಅದಕ್ಕೆ ಕಾರಣವಿದೆ. ಹೊರಡುವ ಮೊದಲು ಹಡಗಿನವರು ಪ್ರಯಾಣಿಕರ ಪಟ್ಟಿಯನ್ನು ಬಂದರಿನವರಿಗೆ ಕೊಟ್ಟು ಮುಗಿಸಬೇಕು. ಆಮೇಲೆ ಹೆಸರು ಸೇರಿಸುವಂತಿಲ್ಲ. ಹಡಗು ತಪ್ಪಿದರೆ ಟಿಕೆಟ್ ದುಡ್ಡೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಮಾನ ಆರು ಗಂಟೆಗಿಂತ ಜಾಸ್ತಿ ತಡವಾದರೆ ಬೇರೆ ಫ್ಲೈಟ್ ಅಥವಾ ಟಿಕೆಟ್ ಹಣ ಕೇಳುವ ಹಕ್ಕು ನಿಮಗಿದೆ, ಆದರೆ ಆ ಹಣ ವಿಮಾನದ ಟಿಕೆಟ್ಟಿನದು ಮಾತ್ರ. ಬೇರೆಬೇರೆಯಾಗಿ ಬುಕ್ ಮಾಡಿದಾಗ ಹಡಗಿಗೂ ವಿಮಾನಕ್ಕೂ ಸಂಬಂಧವೇ ಇಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವವರು ಹಡಗು ತಪ್ಪಿದರೆ ಕೊಡುತ್ತಾರಾ, ಎಷ್ಟು ಗಂಟೆ ತಡವಾದರೆ ಕೊಡುತ್ತಾರೆ ಅಂತ ಓದಿಯೇ ಸಹಿ ಹಾಕಿ.

"ಮುಂದಿನ ಊರಲ್ಲಿ ಹತ್ತಿಕೊಳ್ತೀವಿ" ಅನ್ನುವವರೂ ಇದ್ದಾರೆ. ಗೋವಾ ಆದರೆ ಓಡಿ ಹೋಗಬಹುದು, ಹಡಗಿನವರು ಒಪ್ಪಬೇಕು ಅಷ್ಟೇ. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಸುಮ್ನೆ ವಿಮಾನ ಹತ್ತಿ ಹೋಗಿ ಇಳಿಯುವಂತಿಲ್ಲ. ಸಿಂಗಾಪುರದಿಂದ ಹೊರಡುವ ಕ್ರೂಸ್ ಆದರೆ ಮುಂದಿನ ಬಂದರು ಬೇರೆ ದೇಶದ್ದೇ. ಸಿಂಗಾಪುರಕ್ಕೆ ರಾತ್ರಿ ಹೊರಟು ಬೆಳಿಗ್ಗೆ ಇಳಿದು ಸಂಜೆ ಹಡಗು ಹತ್ತುವವರು ಬೇಕಾದಷ್ಟು ಜನ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅದನ್ನು ಮರೆತು ಲೆಕ್ಕ ಹಾಕಬೇಡಿ. ನನ್ನ ಕೇಳಿದರೆ ಅದಕ್ಕೂ ಒಂದು ದಿನ ಮೊದಲೇ ಹೋಗಿ. ಅಷ್ಟು ಖರ್ಚು ಮಾಡಿ ವೀಸಾ ತೆಗೆದವರು ಇನ್ನೊಂದು ರಾತ್ರಿಗೆ ಯಾಕೆ ಹಿಂದೆಮುಂದೆ ನೋಡಬೇಕು?

ಕೊಚ್ಚಿಯಿಂದ ಹತ್ತುವವರು ಮೈಸೂರಿಂದ ಕಾರಿನಲ್ಲೇ ಹೋಗಬಹುದು. ಆದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆ ಬಂದ್. ಊಟ ಮುಗಿಸಿ ಹೊರಟರಾಯಿತು ಅಂದುಕೊಂಡರೆ ಗುಂಡ್ಲುಪೇಟೆ ದಾಟಿ ಗೇಟ್ ಮುಂದೆ ಬೆಳಗು ಮಾಡಬೇಕಾಗುತ್ತದೆ.

ಹೋಗುವ ಖರ್ಚು ಕಡಿಮೆ ಮಾಡಲೂ ದಾರಿ ಇದೆ. ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದರೆ ದಕ್ಷಿಣ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೇ ಬಿಡುತ್ತದೆ. ಅಲ್ಲಿಂದ ಬಲ್ಲಾರ್ಡ್ ಪಿಯರ್ ಹತ್ತಿರ. ಒಂದು ಇಡೀ ದಿನದ ಪ್ರಯಾಣ, ಹಾಗಾಗಿ ರೈಲಾದರೂ ಹಿಂದಿನ ದಿನವೇ ಮುಂಬೈ ಮುಟ್ಟುವಂತೆ ಹೊರಡಿ. ನಾವು ಹಿಂದಿನ ದಿನ ಮಧ್ಯಾಹ್ನದ ಫ್ಲೈಟ್ ತೆಗೆದುಕೊಂಡೆವು. ಅತ್ತೆಗೆ ಸರಿಯಾಗಿ ನಿದ್ದೆ ಬೇಕು, ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ಆಗಬೇಕು. ಹೋಟೆಲನ್ನು ಏರ್‌ಪೋರ್ಟ್ ಹತ್ತಿರ ಮಾಡದೆ ಬಂದರಿನ ಪಕ್ಕದ ಫೋರ್ಟ್ ಕಡೆಗೆ ಮಾಡಿದ್ದರಿಂದ ಮರುದಿನ ಟ್ರಾಫಿಕ್ ತಲೆನೋವೇ ಬರಲಿಲ್ಲ. ಸಂಜೆ ಮಾಟುಂಗಾಕ್ಕೆ ಹೋಗಿ ಇಡ್ಲಿ ತಿಂದು ಬಂದೆವು. ಅಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಡ ನೋಡಿ ಅತ್ತೆಗೆ ಏನೋ ಖುಷಿ. ಹಡಗಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ ಅಂತ ಗೊತ್ತಾಗಿ ಅವರು ಕಟ್ಟಿಕೊಂಡು ಬಂದಿದ್ದ ಚಕ್ಕುಲಿ ಡಬ್ಬಿಯನ್ನು ಆ ರಾತ್ರಿ ರೂಮಿನಲ್ಲೇ ಖಾಲಿ ಮಾಡಿದೆವು.

ಒಂದು ದಿನ ಮುಂಚೆ ಹೋದರೆ ಇನ್ನೊಂದು ಲಾಭ ಬ್ಯಾಗಿನದು. ಫ್ಲೈಟ್‌ನಲ್ಲಿ ಬ್ಯಾಗ್ ಹಿಂದೆ ಉಳಿದರೆ ಮರುದಿನದೊಳಗೆ ಹೋಟೆಲಿಗೆ ಬರುವ ಸಾಧ್ಯತೆ ಇರುತ್ತದೆ. ಅದೇ ದಿನ ಹೋದವರು ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಬೇಕು. ಬಂದರಿನಲ್ಲೂ ದೊಡ್ಡ ಬ್ಯಾಗುಗಳನ್ನು ಮೊದಲೇ ತೆಗೆದುಕೊಂಡು ಬಿಡುತ್ತಾರೆ, ಕ್ಯಾಬಿನ್‌ಗೆ ತಲುಪುವುದು ಎಷ್ಟೋ ಹೊತ್ತಾದ ಮೇಲೆ. ಮಾತ್ರೆ, ಆಧಾರ್ ಅಥವಾ ಪಾಸ್‌ಪೋರ್ಟ್, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ವಾಪಸ್ ಬರುವ ದಿನ ಮಾತ್ರ ಧಾರಾಳವಾಗಿ ಅವತ್ತೇ ಫ್ಲೈಟ್ ಹಿಡಿಯಿರಿ, ಮಧ್ಯಾಹ್ನ ಎರಡರ ಮೇಲಿನದು. ಹಡಗು ಬೆಳಿಗ್ಗೆಯೇ ದಡ ಸೇರಿದರೂ ಸಾಲಿನಲ್ಲಿ ಇಳಿದು ಹೊರಬರುವಷ್ಟರಲ್ಲಿ ಹತ್ತು ಹತ್ತೂವರೆ ಆಗುತ್ತದೆ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಸಂಜೆ ಹೊತ್ತಿನ ಸೀಟು ಮೊದಲೇ ಬುಕ್ ಮಾಡಿಡಿ.